ಎಣ್ಣೆಯಮ್ಮ ಎಣ್ಣೆಯಿಲ್ಲದೆ ಹೊರಟ ಭಾನುವಾರ

ನೂಲಿನ ಗಿರಣಿಯಲ್ಲಿ ಮೂವತ್ತೊಂದು ವರ್ಷದಿಂದ ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದ ಅವಳನ್ನು ಎಲ್ಲರೂ ಎಣ್ಣೆಯಮ್ಮ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು ನಿಜ. ಆ ಹೆಸರು ಹಿಡಿದು ಕೂಗಿದರೆ ಅವಳು ಹಿಂತಿರುಗಿ ನೋಡುವುದು ಮೂರನೆಯ ಕೂಗಿಗೆ, ಅದೂ ‘ಪಾಪ, ಯಾರನ್ನೋ ಕರೆಯುತ್ತಿದ್ದಾರೆ’ ಎಂಬ ಕನಿಕರದಿಂದ.

ಕೆಲಸವೇನೂ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಉದ್ದ ಮೂತಿಯ ಡಬ್ಬಿ ಹಿಡಿದು ಅರವತ್ತನಾಲ್ಕು ಯಂತ್ರಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಓಡಾಡಬೇಕು, ಎಲ್ಲಿ ಕಿರ್ರೆನ್ನುತ್ತದೋ ಅಲ್ಲಿ ಎರಡು ತೊಟ್ಟು ಬಿಡಬೇಕು, ಅಷ್ಟೆ. ಆದರೆ ಅರವತ್ತನಾಲ್ಕೂ ಒಟ್ಟಿಗೆ ಗುಡುಗುವಾಗ, ಪಕ್ಕದಲ್ಲಿ ನಿಂತವರ ಮಾತೇ ಕೇಳದ ಆ ಗದ್ದಲದಲ್ಲಿ, ‘ಮೂವತ್ತೇಳನೆಯದರ ಎಡಗಡೆ ಬೇರಿಂಗು ಗೊಣಗ್ತಿದೆ’ ಎಂದು ಹೇಳಬಲ್ಲ ಕಿವಿ ಗಿರಣಿಯಲ್ಲಿ ಒಂದೇ ಜೊತೆ ಇತ್ತು. ಎಂಜಿನಿಯರ್ ಸಾಹೇಬರೂ ಅನುಮಾನ ಬಂದರೆ ಅವಳನ್ನು ಕರೆಸಿ, ಯಂತ್ರದ ಮುಂದೆ ನಿಲ್ಲಿಸಿ, ಡಾಕ್ಟರ ಬಾಯಿ ನೋಡುವ ರೋಗಿಯ ಮನೆಯವರಂತೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು.

ತೊಂದರೆ ಏನೆಂದರೆ, ಆ ಕಿವಿಯನ್ನು ಗಿರಣಿಯ ಗೇಟಿನಲ್ಲಿ ಕಳಚಿಟ್ಟು ಮನೆಗೆ ಬರುವ ಹಾಗಿರಲಿಲ್ಲ. ಬೇರೆ ಹೆಂಗಸರು ಚೀಲದಲ್ಲಿ ಬಾಚಣಿಗೆ ಇಟ್ಟುಕೊಳ್ಳುವಂತೆ ಅವಳು ಒಂದು ಪುಟ್ಟ ಎಣ್ಣೆ ಡಬ್ಬಿ ಇಟ್ಟುಕೊಳ್ಳುತ್ತಿದ್ದಳು. ಬ್ಯಾಂಕಿನ ಬಾಗಿಲು, ಆಸ್ಪತ್ರೆಯ ತಳ್ಳು ಮಂಚ, ಯಾರದೋ ಮಗುವಿನ ಮೂರು ಗಾಲಿ ಸೈಕಲ್ಲು, ಯಾವುದು ಕಿರ್ರೆಂದರೂ ಅವಳ ಕೈ ಚೀಲದೊಳಗೆ ತಾನೇ ಹೋಗುತ್ತಿತ್ತು. ಐದು ತಿಂಗಳ ಹಿಂದೆ ಮಗಳ ಊರಿಗೆ ಹೋದಾಗಲೂ ಹೀಗೇ ಆಯಿತು. ಮಗಳ ಮನೆಯ ಫ್ಯಾನಿಗೆ ಬಿಟ್ಟ ಎಣ್ಣೆ ಅಳಿಯನ ಒಂದೇ ಒಂದು ಬಿಳಿ ಅಂಗಿಯ ಬೆನ್ನಿಗೆ ಚುಕ್ಕಿ ಇಟ್ಟಿತು. ಅದನ್ನಾದರೂ ಮರೆಯಬಹುದಿತ್ತು. ಬೀದಿಯಲ್ಲಿ ನಿಂತಿದ್ದ ತರಕಾರಿ ಗಾಡಿಯ ನಾಲ್ಕೂ ಚಕ್ರಕ್ಕೆ, ತರಕಾರಿಯವಳು ಚಿಲ್ಲರೆ ತರಲು ಹೋಗಿದ್ದಾಗ, ಉಪಕಾರವೆಂದು ಎಣ್ಣೆ ಬಿಟ್ಟಳು. ವರ್ಷಗಳಿಂದ ತುಕ್ಕು ಹಿಡಿದು ಹಟಮಾರಿಯಾಗಿದ್ದ ಗಾಡಿ ಒಮ್ಮೆಲೇ ಹಗುರಾಗಿ, ಇಳಿಜಾರು ಹಿಡಿದು, ಸೊಪ್ಪು ಸೌತೆಕಾಯಿ ಸಮೇತ ಪಕ್ಕದ ಬೀದಿಗೆ ಹೋಗಿ ಒಬ್ಬ ದರ್ಜಿಯ ಅಂಗಡಿಯ ಮುಂದೆ ನಿಂತಿತು. ದರ್ಜಿ ಯಾರೋ ಹೊಸ ವ್ಯಾಪಾರಕ್ಕೆ ಬಂದರೆಂದು ಎರಡು ಸೌತೆಕಾಯಿ ಆರಿಸಿಯೂ ಆಗಿತ್ತು.

ಆವತ್ತು ಮಗಳು ಬಸ್ಸು ಹತ್ತಿಸುವಾಗ ಹೇಳಿದ್ದಳು: “ಅಮ್ಮಾ, ಮುಂದಿನ ಸಲ ಡಬ್ಬಿ ಬಿಟ್ಟು ಬಾ. ಡಬ್ಬಿ ಬರೋದಾದ್ರೆ ನೀನು ಬರಬೇಡ.”

ಈಗ ಮುಂದಿನ ಸಲ ಬಂದಿತ್ತು. ಅದೂ ಬರಿಯ ಭೇಟಿಯಲ್ಲ, ಪರೀಕ್ಷೆ. ಮಗಳಿಗೆ ಹದಿನೈದು ದಿನ ಬಿಟ್ಟು ಕೆಲಸದ ತರಬೇತಿಗೆಂದು ದೂರದ ಊರಿಗೆ ಹೋಗಬೇಕಿತ್ತು, ಹತ್ತು ದಿನ. ಅಳಿಯ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಹದಿನಾರು ತಿಂಗಳ ಮೊಮ್ಮಗಳನ್ನು ಆ ಹತ್ತು ದಿನ ಯಾರ ಬಳಿ ಬಿಡುವುದು? ಇಬ್ಬರು ಅಜ್ಜಿಯರು ಸ್ಪರ್ಧೆಯಲ್ಲಿದ್ದರು. ಒಬ್ಬಳು ಎಣ್ಣೆಯಮ್ಮ, ಗಿರಣಿಯಲ್ಲಿ ಆಗಲೇ ಹತ್ತು ದಿನದ ರಜೆ ಕೇಳಿಟ್ಟಿದ್ದಳು. ಇನ್ನೊಬ್ಬರು ಅಳಿಯನ ತಾಯಿ, ನಿವೃತ್ತ ಹೆಡ್‌ಮಿಸ್ಸು. ಮಗು ಎಷ್ಟು ಗಂಟೆಗೆ ಏಳಬೇಕು, ಎಷ್ಟು ಗಂಟೆಗೆ ನಗಬೇಕು ಎಂದು ಆಗಲೇ ವೇಳಾಪಟ್ಟಿ ಬರೆದು ಕಳಿಸಿಯಾಗಿತ್ತು.

“ನೋಡೋಣಮ್ಮ, ಭಾನುವಾರ ಬಾ,” ಎಂದಿದ್ದಳು ಮಗಳು ಫೋನಿನಲ್ಲಿ. ಅವಳ ‘ನೋಡೋಣ’ ಎಂದರೆ ಏನೆಂದು ಎಣ್ಣೆಯಮ್ಮನಿಗೆ ಗೊತ್ತಿತ್ತು. ಅವಳಿಂದಲೇ ಮಗಳು ಕಲಿತ ಮಾತು ಅದು.

ಗಿರಣಿಗೆ ರಜೆ ಭಾನುವಾರ ಒಂದೇ ದಿನ. ಬೆಳಿಗ್ಗೆ ಆರರ ಬಸ್ಸಿಗೆ ಹೋಗಿ ಸಂಜೆ ಐದೂವರೆಯ ಬಸ್ಸಿಗೆ ಮರಳಬೇಕು. ಹೊರಡುವ ಮುಂಚೆ ಅವಳ ಗಂಡ, ಅದೇ ಗಿರಣಿಯ ಗೇಟಿನಲ್ಲಿ ಮೂವತ್ತು ವರ್ಷ ಕಾವಲಿದ್ದು ನಿವೃತ್ತನಾದವನು, ಹಳೆಯ ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಕೈ ಚಾಚಿದ.

“ಚೀಲ.”

ಅವಳು ಕೊಟ್ಟಳು. ಮಗುವಿನ ಅಂಗಿ, ಬಿಸ್ಕತ್ತು, ಟವೆಲ್ಲು, ಅದರ ಮಡಿಕೆಯಲ್ಲಿ ಡಬ್ಬಿ. ಅವನು ಅದನ್ನು ತೆಗೆದು ಕಪಾಟಿನ ಮೇಲಿಟ್ಟ.

“ಎರಡನೇದು?”

“ಯಾವ ಎರಡನೇದು?”

“ಮೂವತ್ತು ವರ್ಷ ಗೇಟಲ್ಲಿ ಹೆಂಗಸರ ಮುಖ ನೋಡೇ ಯಾರ ಚೀಲದಲ್ಲಿ ನೂಲಿನ ಉಂಡೆ ಇದೆ ಅಂತ ಹೇಳ್ತಿದ್ದೆ ಕಣೇ. ನಿನ್ನ ಮುಖದಲ್ಲಿ ಇನ್ನೂ ಅರ್ಧ ಡಬ್ಬಿ ಎಣ್ಣೆ ಕಾಣಿಸ್ತಿದೆ.”

ಅವಳು ಕನ್ನಡಕದ ಪೆಟ್ಟಿಗೆ ತೆರೆದು, ಅದರಲ್ಲಿದ್ದ ಬೆರಳುದ್ದದ ಸೀಸೆಯನ್ನು ಅವನ ಕೈಗಿಟ್ಟಳು. “ತಗೊಳ್ಳಿ. ಕನ್ನಡಕವನ್ನಾದ್ರೂ ತಗೊಂಡು ಹೋಗ್ಲೋ, ಅದೂ ಇಲ್ಲೇ ಇರ್ಲೋ?”

“ಮೊಮ್ಮಗಳು ಬರಬೇಕು ಅಂತ ನಿನಗೊಬ್ಬಳಿಗೇ ಆಸೆ ಅಂದ್ಕೊಂಡಿದೀಯಾ?” ಎಂದ ಅವನು, ಮುಖ ಬೇರೆ ಕಡೆ ತಿರುಗಿಸಿ. “ಹೋಗು. ಕೈ ಕಟ್ಟಿಕೊಂಡು ಕೂತು ಬಾ.”

ಬಸ್ಸಿನಲ್ಲಿ ಅವಳಿಗೆ ಸಿಕ್ಕಿದ ಸೀಟು ಪ್ರತಿ ಗುಂಡಿಗೂ ‘ಕುಂಯ್’ ಎನ್ನುತ್ತಿತ್ತು. ಊರಿನಿಂದ ಊರಿಗೆ ಎರಡೂವರೆ ಗಂಟೆ, ಗುಂಡಿಗಳಿಗೆ ಲೆಕ್ಕವಿಲ್ಲ. ಹಲ್ಲುನೋವಿನವರು ಕೆನ್ನೆ ಹಿಡಿದುಕೊಳ್ಳುವಂತೆ ಅವಳು ಮುಂದಿನ ಸೀಟಿನ ಸರಳು ಹಿಡಿದುಕೊಂಡು ಕೂತಳು. ಕೊನೆಗೆ ತಡೆಯಲಾರದೆ ಕಂಡಕ್ಟರನ್ನು ಕರೆದು, “ಈ ಸೀಟಿಗೆ ಎಷ್ಟು ವರ್ಷದಿಂದ ಎಣ್ಣೆ ಹಾಕಿಲ್ಲ?” ಎಂದು ಕೇಳಿದಳು.

“ಯಾಕಮ್ಮ, ಹುರಿದು ತಿಂತೀರಾ?” ಎಂದ ಕಂಡಕ್ಟರು.

ಮಗಳ ಮನೆ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ, ನಡುವೆ ಮೂರು ಹೆಜ್ಜೆಯ ಓಣಿ, ಓಣಿಯ ಕೊನೆಗೆ ಬಚ್ಚಲು. ಮುಂದಿನ ಕೋಣೆಯಲ್ಲಿ ಮಂಚ, ಒಲೆ, ಊಟದ ಮೇಜು, ಮಗು, ಎಲ್ಲ ಸಂಸಾರ. ಹಿಂದಿನ ಕೋಣೆ ಮಗಳ ಕೆಲಸಕ್ಕೆ. ಅವಳು ಕಟ್ಟುಹಲ್ಲು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಪ್ಲಾಸ್ಟರಿನಲ್ಲಿ ದವಡೆ ಎರಕ ಹೊಯ್ದು, ಮೇಣದಲ್ಲಿ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುತ್ತಿದ್ದಳು. ವಾರದಲ್ಲಿ ಆರು ದಿನ ಪ್ರಯೋಗಾಲಯದಲ್ಲಿ ಈ ಕೆಲಸ. ಅವಸರದ್ದಿದ್ದರೆ ಮನೆಗೂ ತರುತ್ತಿದ್ದಳು. ಹಿಂದಿನ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಹನ್ನೊಂದು ಪ್ಲಾಸ್ಟರ್ ದವಡೆಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು, ಯಾರೋ ಹೇಳಿದ ಜೋಕಿಗೆ ಒಟ್ಟಿಗೆ ನಕ್ಕು ಹಾಗೇ ಉಳಿದವರಂತೆ.

“ಚೀಲ,” ಎಂದಳು ಮಗಳು ಬಾಗಿಲಲ್ಲೇ.

“ನಿನ್ನಪ್ಪ ನೋಡಿ ಕಳಿಸಿದ್ದಾರೆ.”

“ಕನ್ನಡಕದ ಪೆಟ್ಟಿಗೆ?”

“ಅದನ್ನೂ ನೋಡಿದ್ದಾರೆ! ಏನೇ ಇದು, ಹೆತ್ತ ತಾಯಿನಾ, ಕಳ್ಳಿನಾ?”

ಅಷ್ಟರಲ್ಲಿ ಮೊಮ್ಮಗಳು ಬಂದಳು. ಮನೆಯಲ್ಲಿ ಅವಳಿಗೆ ಬುಗುರಿ ಎಂದು ಹೆಸರು. ನಡೆಯಲು ಕಲಿತ ಮೇಲೆ ಒಂದು ಸುತ್ತು ಸುತ್ತಿ, ತೂಗಾಡಿ, ಧೊಪ್ಪನೆ ಕೂರುವುದು ಅವಳ ಪದ್ಧತಿ. ಅಜ್ಜಿಯ ಮುಂದೆಯೂ ಒಂದು ಸುತ್ತು ಸುತ್ತಿ ಕೂತಳು. ಆಮೇಲೆ ಅಜ್ಜಿಯ ಕಾಲಿನಿಂದ ಒಂದು ಚಪ್ಪಲಿ ಎಳೆದು, ಬಹಳ ಜವಾಬ್ದಾರಿಯಿಂದ, ಕುಡಿಯುವ ನೀರಿನ ಕೊಡಕ್ಕೆ ಹಾಕಿದಳು.

“ಇದೊಂದು ಹೊಸ ಕಸುಬು,” ಎಂದಳು ಮಗಳು, ನೀರು ಚೆಲ್ಲುತ್ತ. “ಕೈಗೆ ಸಿಕ್ಕಿದ್ದನ್ನೆಲ್ಲ ಯಾವುದರೊಳಗಾದ್ರೂ ಹಾಕಬೇಕು. ಮೊನ್ನೆ ಅವರ ಬೂಟಲ್ಲಿ ಅರ್ಧ ಬ್ರೆಡ್ ಇತ್ತು. ಕಾಲು ಹಾಕಿದ ಮೇಲೆ ಗೊತ್ತಾಯ್ತು.”

ಮಧ್ಯಾಹ್ನದವರೆಗೆ ಎಣ್ಣೆಯಮ್ಮ ಚಿನ್ನದಂಥ ಅಜ್ಜಿಯಾಗಿದ್ದಳು. ಮಗುವಿಗೆ ಉಣಿಸಿದಳು, ಗೋಡೆಗೆ ಉಣಿಸಿದ್ದನ್ನು ಒರೆಸಿದಳು, ಹೆಡ್‌ಮಿಸ್ಸಿನ ವೇಳಾಪಟ್ಟಿಯನ್ನು ಓದಿ ಒಂದು ಮಾತೂ ಆಡಲಿಲ್ಲ. ಮೂಗು ಮಾತ್ರ ಸ್ವಲ್ಪ ಮುರಿದಳು, ಅದೂ ಮಗಳು ನೋಡದಿರುವಾಗ. ಒಂದೇ ಒಂದು ಕಂಟಕವಿತ್ತು. ಹಿಂದಿನ ಕೋಣೆಯ ಬಾಗಿಲು, ಹೋದ ಸಲ ತರಕಾರಿ ಗಾಡಿಯ ಗಲಾಟೆಯಲ್ಲಿ ಅವಳ ಡಬ್ಬಿಯಿಂದ ತಪ್ಪಿಸಿಕೊಂಡಿದ್ದು.

ಆ ಬಾಗಿಲು ತೆರೆದರೂ ಕೂಗುತ್ತಿತ್ತು, ಮುಚ್ಚಿದರೂ ಕೂಗುತ್ತಿತ್ತು. ಚಿಲಕ ಬೇರೆ ಕೆಟ್ಟಿತ್ತು. ಮನೆಯ ಮಾಲೀಕರು ಅದನ್ನು ಒಂದು ವರ್ಷದಿಂದ ‘ಮುಂದಿನ ವಾರ’ ಸರಿ ಮಾಡಿಸುತ್ತಿದ್ದರು. ಆದ್ದರಿಂದ ಗಾಳಿ ಬಂದಾಗಲೆಲ್ಲ ಬಾಗಿಲು ತಾನಾಗಿ ಗೇಣು ಸರಿದು, ಕಿ…ರ್ರ್ರ್…ಕೀಂಕ್ ಎನ್ನುತ್ತಿತ್ತು. ಮೇಲಿನ ಕೀಲು ಒಣಗಿದೆ, ಕೆಳಗಿನದಕ್ಕೆ ತುಕ್ಕು, ನಡುವಿನದು ಇವರಿಬ್ಬರ ಸಹವಾಸದಿಂದ ಕೆಟ್ಟಿದೆ ಎಂದು ಎಣ್ಣೆಯಮ್ಮ ಕೂತಲ್ಲಿಂದಲೇ ಅರ್ಥ ಮಾಡಿಕೊಂಡಳು. ಒಂದೊಂದು ಕಿರ್ರಿಗೂ ಅವಳ ಬಲಗೈ ಒಂದೊಂದು ಸಲ ಏಳುತ್ತಿತ್ತು.

“ಅಮ್ಮಾ, ಕೈ,” ಎನ್ನುತ್ತಿದ್ದಳು ಮಗಳು, ತಲೆ ಎತ್ತದೆ.

ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು.

ಊಟವಾಗಿ ಬುಗುರಿ ಮಲಗಿದಳು. ಮಗಳು ಒಬ್ಬ ನಿವೃತ್ತ ನ್ಯಾಯಾಧೀಶರ ಹಲ್ಲಿನ ಸೆಟ್ಟಿಗೆ ಕೊನೆಯ ಹೊಳಪು ಕೊಟ್ಟು, ಮೇಲಿನದು ಕೆಳಗಿನದು ಎರಡನ್ನೂ ಹಿಂದಿನ ಕೋಣೆಯ ಬಿಸಿಲು ಬೀಳುವ ಗಿಡ್ಡ ಸ್ಟೂಲಿನ ಮೇಲೆ ಆರಲು ಇಟ್ಟಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವು ಡಾಕ್ಟರ ಕೈ ಸೇರಬೇಕು. ನ್ಯಾಯಾಧೀಶರು ಹದಿನೈದು ದಿನದಿಂದ ಗಂಜಿಯಲ್ಲೇ ಇದ್ದಾರಂತೆ, ಮನೆಯವರನ್ನೆಲ್ಲ ಗದರುತ್ತಾರಂತೆ, ಆದರೆ ಏನು ಗದರುತ್ತಿದ್ದಾರೆಂದು ಯಾರಿಗೂ ಅರ್ಥವಾಗುತ್ತಿಲ್ಲವಂತೆ.

“ಅಮ್ಮ, ನಾನು ತಲೆಗೆ ನೀರು ಹಾಕ್ಕೊಂಡು ಬರ್ತೀನಿ. ಹತ್ತು ನಿಮಿಷ. ನೋಡ್ಕೊಳ್ತೀಯಲ್ಲ?”

“ನಿನ್ನನ್ನ ಬೆಳೆಸಿದವಳು ಯಾರೇ? ಹೋಗು, ನಿಧಾನಕ್ಕೆ ಬಾ.”

ಮಗುವಿರುವ ತಾಯಿಗೆ ‘ನಿಧಾನಕ್ಕೆ ಬಾ’ ಎನ್ನುವುದಕ್ಕಿಂತ ದೊಡ್ಡ ವರವಿಲ್ಲ. ಮಗಳು ಟವೆಲ್ಲು ಹಿಡಿದು ಓಡಿದಳು. ಬಚ್ಚಲಿನ ಬಾಗಿಲು ಹಾಕಿದ್ದೇ ತಡ, ಗಾಳಿ ಬಂತು. ಕಿ…ರ್ರ್ರ್…ಕೀಂಕ್. ಬುಗುರಿಯ ರೆಪ್ಪೆ ಅಲುಗಿದ ಹಾಗಾಯಿತು. ನಿಜವಾಗಿ ಅಲುಗಿತೋ ಇಲ್ಲವೋ ದೇವರಿಗೇ ಗೊತ್ತು. ಎಣ್ಣೆಯಮ್ಮನಿಗೆ ಅಲುಗಿದ್ದು ಕಂಡಿತು. ‘ಅಯ್ಯೋ, ಮಗು ಎದ್ದುಬಿಟ್ಟರೆ!’ ಎಂದು ಅವಳು ಹೇಳಿಕೊಂಡಳು. ಇದು ತನಗಾಗಿ ಅಲ್ಲ, ಮಗುವಿನ ನಿದ್ದೆಗಾಗಿ. ಮಗುವಿನ ನಿದ್ದೆಗಾಗಿ ಮಗುವಿನ ಎಣ್ಣೆ ಬಳಸಿದರೆ ಅದರಲ್ಲಿ ತಪ್ಪೇನು?

ಮಂಚದ ಪಕ್ಕದಲ್ಲೇ ಮಗುವಿನ ಮೈಗೆ ಹಚ್ಚುವ ಎಣ್ಣೆಯ ಸೀಸೆ. ಅದರ ಪಕ್ಕದಲ್ಲಿ ಔಷಧಿ ಕುಡಿಸುವ, ರಬ್ಬರ್ ತಲೆಯ ಗಾಜಿನ ನಳಿಕೆ. ಇಂಥ ಉಪಕರಣ ಗಿರಣಿಯಲ್ಲೂ ಇರಲಿಲ್ಲ. ಮೇಲಿನ ಕೀಲಿಗೆ ಎರಡು ತೊಟ್ಟು, ನಡುವಿನದಕ್ಕೆ ಎರಡು, ತುಕ್ಕಿನದಕ್ಕೆ ಮೂರು. ಬಾಗಿಲನ್ನು ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಆಡಿಸಿದಳು. ಕಿರ್ರ್… ಕ್ರ್… ಆಮೇಲೆ ಏನೂ ಇಲ್ಲ. ಬಾಗಿಲು ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ನಳಿಕೆಯನ್ನು ಸೋಪು ಹಚ್ಚಿ ಎರಡು ಸಲ ತೊಳೆದು, ಇದ್ದ ಜಾಗದಲ್ಲೇ ಇಟ್ಟಳು.

ಆಹಾ, ಆ ನಿಶ್ಶಬ್ದ! ಆರು ದಿನದ ಗಿರಣಿ, ನಸುಕಿನ ನಾಲ್ಕಕ್ಕೆ ಎದ್ದದ್ದು, ಕುಂಯ್‌ಗುಡುವ ಬಸ್ಸು, ಎಲ್ಲ ಒಟ್ಟಿಗೆ ಅವಳ ರೆಪ್ಪೆಯ ಮೇಲೆ ಬಂದು ಕೂತವು. ಕುರ್ಚಿಗೆ ಒರಗಿದ್ದಷ್ಟೇ ನೆನಪು.

ಎಚ್ಚರವಾದದ್ದು ಮಗಳ ಕೂಗಿಗೆ.

“ಅಮ್ಮಾ! ಬುಗುರಿ ಎಲ್ಲಿ?”

ಮಂಚ ಖಾಲಿ. ಎಣ್ಣೆಯಮ್ಮ ಎದ್ದ ರಭಸಕ್ಕೆ ಕನ್ನಡಕ ಮೂಗಿನಿಂದ ಗಲ್ಲಕ್ಕೆ ಬಂತು. ಇಬ್ಬರೂ ಒಟ್ಟಿಗೆ ಹಿಂದಿನ ಕೋಣೆಗೆ ನುಗ್ಗಿದರು. ಬುಗುರಿ ನೆಲದ ಮೇಲೆ ಕೂತಿದ್ದಳು, ಮೈ ತುಂಬ ಪ್ಲಾಸ್ಟರ್ ಪುಡಿ, ಹಿಟ್ಟಿನ ಗಿರಣಿಯಿಂದ ಈಗಷ್ಟೇ ಬಂದವಳ ಹಾಗೆ. ಒಂದು ಕೈಯಲ್ಲಿ ನ್ಯಾಯಾಧೀಶರ ಮೇಲಿನ ಹಲ್ಲು. ಅದರಿಂದ ಒಂದು ಪ್ಲಾಸ್ಟರ್ ದವಡೆಯನ್ನು ಕಚ್ಚಿಸುತ್ತ, ಜಗಳ ಹಚ್ಚಿ ನೋಡುವವರ ಸಂತೋಷದಲ್ಲಿದ್ದಳು.

ಮಗಳು ಮೊದಲು ಮಗುವಿನ ಬಾಯಿಗೆ ಬೆರಳು ಹಾಕಿ ನೋಡಿದಳು, ಆಮೇಲೆ ಕೈಕಾಲು ತಡವಿದಳು, ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲಷ್ಟೇ ಸ್ಟೂಲಿನ ಕಡೆ ತಿರುಗಿದಳು.

“ಕೆಳಗಿನ ಸೆಟ್ಟು?”

ಸ್ಟೂಲು ಖಾಲಿ.

“ಬುಗುರೀ, ತಾತನ ಹಲ್ಲು ಎಲ್ಲಿ ಕಂದಾ?”

ಬುಗುರಿ ತನ್ನ ಬಾಯಿ ತೆರೆದು ತನ್ನ ಆರು ಹಲ್ಲು ತೋರಿಸಿದಳು.

ಮುಂದಿನ ಕಾಲುಗಂಟೆ ಮನೆಯಲ್ಲಿ ಹುಡುಕದ ಜಾಗವಿರಲಿಲ್ಲ. ಯಾವುದು ಯಾವುದರೊಳಗಾದರೂ ಇರಬಹುದಾದ ಮನೆ ಅದು. ನೀರಿನ ಕೊಡ, ಹಿಟ್ಟಿನ ಡಬ್ಬಿ, ಅಳಿಯನ ಎರಡೂ ಬೂಟು, ದಿಂಬಿನ ಚೀಲ, ಅಜ್ಜಿಯ ಚೀಲ. ಸಿಕ್ಕಿದ್ದು ಹೋದ ತಿಂಗಳು ಕಳೆದಿದ್ದ ಚಮಚ, ಒಂದು ಸಾಕ್ಸು, ಮತ್ತು ಹೆಡ್‌ಮಿಸ್ಸಿನ ವೇಳಾಪಟ್ಟಿಯ ಎರಡನೆಯ ಹಾಳೆ. ಅದು ಕಸದ ಬುಟ್ಟಿಯಲ್ಲಿತ್ತು. ಎಣ್ಣೆಯಮ್ಮ ಅದನ್ನು ನೋಡಿ, ಮೊಮ್ಮಗಳನ್ನು ನೋಡಿ, ಬುಟ್ಟಿಯ ಮುಚ್ಚಳ ಮುಚ್ಚಿದಳು.

“ನಾಳೆ ಒಂಬತ್ತಕ್ಕೆ ಏನು ಹೇಳಲಿ?” ಮಗಳ ಧ್ವನಿ ಅಳುವಿನ ಅಂಚಿಗೆ ಬಂದಿತ್ತು. “ಮೇಲಿನ ಹಲ್ಲು ತಗೊಳ್ಳಿ ಸಾರ್, ಕೆಳಗಿಂದು ಮಗು ಎಲ್ಲೋ ಇಟ್ಟಿದೆ ಅಂತಲಾ? ತರಬೇತಿಗೆ ನನ್ನನ್ನೇ ಆರಿಸಿದ್ದು ಈ ಕೆಲಸ ನೋಡಿಯೇ ಅಮ್ಮ!”

“ಶ್!” ಎಂದಳು ಎಣ್ಣೆಯಮ್ಮ.

“ಏನು ಶ್?”

“ಸುಮ್ಮನಿರೇ. ಬಚ್ಚಲಲ್ಲಿ ಏನು ಓಡ್ತಿದೆ?”

“ಬಟ್ಟೆ ಒಗೆಯೋ ಮೆಷಿನ್ನು. ಸ್ನಾನ ಮಾಡಿ ಬಂದು ಓಣೀಲಿದ್ದ ಬಟ್ಟೆ ಬುಟ್ಟಿ ಹಾಗೇ ಸುರಿದು ಹಾಕಿದೆ. ಯಾಕೆ?”

ಎಣ್ಣೆಯಮ್ಮ ತಲೆ ಓರೆ ಮಾಡಿ ನಿಂತಿದ್ದಳು, ಅರವತ್ತನಾಲ್ಕು ಯಂತ್ರಗಳ ನಡುವೆ ನಿಲ್ಲುವ ಹಾಗೆ. ಮಗಳಿಗೆ ಕೇಳುತ್ತಿದ್ದದ್ದು ಬರಿಯ ಗುಡುಗುಡು. ತಾಯಿಗೆ ಕೇಳುತ್ತಿದ್ದದ್ದು ಗುಡುಗುಡು, ನೀರು, ಒಂದು ಜಿಪ್ಪು, ಎರಡು ಗುಂಡಿ, ಮತ್ತು…

“ಅದರೊಳಗೆ ಬಟ್ಟೆ ಅಲ್ಲದ್ದು ಒಂದಿದೆ. ಲೋಹ ಅಲ್ಲ. ಕಲ್ಲೂ ಅಲ್ಲ. ಪ್ರತಿ ಸುತ್ತಿಗೂ ಒಂದು ಸಲ ಟಕ್ ಅಂತಿದೆ. ನಿಲ್ಲಿಸೇ!”

ಮೆಷಿನ್ನು ನಿಲ್ಲಿಸಿ, ನೊರೆಯೊಳಗೆ ಮೊಣಕೈವರೆಗೆ ಕೈ ಹಾಕಿದರು. ಅಳಿಯನ ಪ್ಯಾಂಟಿನ ಕಾಲೊಳಗಿಂದ ನ್ಯಾಯಾಧೀಶರ ಕೆಳಗಿನ ಹಲ್ಲು ಹೊರಬಂತು. ಒಂದು ಚೂರೂ ಮುಕ್ಕಾಗಿರಲಿಲ್ಲ. ಮಲ್ಲಿಗೆ ಪರಿಮಳದ ಸೋಪಿನ ವಾಸನೆ ಮಾತ್ರ ಬರುತ್ತಿತ್ತು.

ಮಗಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. “ಮತ್ತೆ ಕ್ರಿಮಿನಾಶಕದಲ್ಲಿ ಅದ್ದಿ, ಇನ್ನೊಂದು ಸಲ ಹೊಳಪು ಕೊಟ್ರೆ ಆಯ್ತು. ಅಮ್ಮ, ನಿನ್ನ ಕಿವಿಗೆ ಕೈ ಮುಗೀಬೇಕು.” ತಾಯಿಯನ್ನು ಅಪ್ಪಿಕೊಳ್ಳಲು ಬಂದವಳು ಅರ್ಧದಲ್ಲಿ ನಿಂತಳು. “ಅದು ಸರಿ. ಬುಗುರಿ ಒಳಗೆ ಹೋದದ್ದು ನನಗೆ ಯಾಕೆ ಕೇಳಿಸಲಿಲ್ಲ?”

ಎಣ್ಣೆಯಮ್ಮ ನೊರೆಯನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದಳು.

“ಬಚ್ಚಲಲ್ಲಿದ್ರೂ, ಮಲಗಿದ್ರೂ, ಆ ಬಾಗಿಲು ಕಿರ್ ಅಂದ್ರೆ ನನಗೆ ಎಚ್ಚರ ಆಗುತ್ತೆ. ಚಿಲಕ ಇಲ್ಲದ ಬಾಗಿಲಿಗೆ ಅದೇ ನನ್ನ ಕರೆಗಂಟೆ. ಅಮ್ಮಾ, ನನ್ನ ಮುಖ ನೋಡು.”

“ಎರಡೇ ತೊಟ್ಟು.”

“ಅಮ್ಮಾ!”

“ಕೆಳಗಿನ ಕೀಲಿಗೆ ಮೂರು. ಮಗು ಏಳಬಾರದು ಅಂತ ಕಣೇ…”

ಮಗಳು ಓಣಿಗೆ ಹೋಗಿ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿದಳು. ಅದು ಕಳ್ಳನ ಹೆಜ್ಜೆಯಂತೆ ಸರಿದು ಗೋಡೆಗೆ ತಾಗಿ ನಿಂತಿತು.

“ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಗು ಕಾಯಿ ಅಂದ್ರೆ, ಬಾಗಿಲಿಗೆ ಬಿಟ್ಟು ಕಣ್ಣು ಮುಚ್ಕೊಂಡ್ಯಲ್ಲಮ್ಮ ನೀನು!”

ಹೆಡ್‌ಮಿಸ್ಸು ತನ್ನ ಮೊಮ್ಮಗಳನ್ನು ಎತ್ತಿಕೊಂಡು, ಗಡಿಯಾರ ನೋಡಿ ಮುತ್ತು ಕೊಡುವ ಚಿತ್ರ ಎಣ್ಣೆಯಮ್ಮನ ಕಣ್ಣ ಮುಂದೆ ಬಂತು. “ಸರಿ ಮಾಡ್ತೀನಿ,” ಎಂದಳು ಸಣ್ಣ ದನಿಯಲ್ಲಿ. “ಅಂದ್ರೆ, ಕೆಡಿಸ್ತೀನಿ.”

ಆಮೇಲೆ ಎಣ್ಣೆಯಮ್ಮ ಜೀವಮಾನದಲ್ಲಿ ಮಾಡದ ಕೆಲಸಕ್ಕೆ ಕೈ ಹಾಕಿದಳು. ಸೋಪಿನ ಪುಡಿ ಕಲಸಿ ಕೀಲುಗಳನ್ನು ತಿಕ್ಕಿದಳು. ಬಿಸಿನೀರು ಹೊಯ್ದಳು. ಬಾಗಿಲು ಮೌನ. ಪ್ಲಾಸ್ಟರ್ ಪುಡಿ ಉದುರಿಸಿದಳು. ‘ಗರ’ ಎಂದು ಒಮ್ಮೆ ಅಂದು, ತಪ್ಪಾಯಿತೆನ್ನುವಂತೆ ಸುಮ್ಮನಾಯಿತು. ಮೂವತ್ತೊಂದು ವರ್ಷ ಸದ್ದನ್ನು ಓಡಿಸಿದವಳು ಈಗ ಬಾಗಿಲ ಮುಂದೆ ಮಂಡಿಯೂರಿ, “ಒಂದ್ಸಲ ಕೂಗೋ ಮಾರಾಯ,” ಎಂದು ಅಂಗಲಾಚುತ್ತಿದ್ದಳು. ಗೊಂದಲಕ್ಕೆ ಬಿದ್ದವಳೆಂದರೆ ಬುಗುರಿ. ಅವಳು ಬಾಗಿಲನ್ನು ತಳ್ಳಿದಳು. ಸದ್ದಿಲ್ಲ. ಎಳೆದಳು. ಸದ್ದಿಲ್ಲ. ಬಾಗಿಲಿನ ಹಿಂದೆ ಇಣುಕಿ ನೋಡಿದಳು, ಕಿರ್ರೆನ್ನುವುದು ಅಲ್ಲೆಲ್ಲೋ ಬಿದ್ದಿರಬಹುದೆಂದು. ಕೊನೆಗೆ ಬಾಗಿಲನ್ನು ಎರಡು ಕೈಯಿಂದ ತಳ್ಳುತ್ತ, ಅದಕ್ಕೆ ಪಾಠ ಹೇಳಿಕೊಡುವವಳಂತೆ, ತಾನೇ ಬಾಯಿ ತೆರೆದು, “ಕೀ…ಈ…ಈಂಕ್!” ಎಂದಳು.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಬುಗುರಿ ಬಾಗಿಲು ಎಳೆದಳು: “ಕೀ…ಈಂಕ್!” ಮಗಳಿಗೆ ಸಿಟ್ಟು ಹಿಡಿದುಕೊಳ್ಳಲು ಆಗಲಿಲ್ಲ. ನಗು ಹೊಟ್ಟೆಯಿಂದ ಎದ್ದು ಬಂದು, ಅವಳು ಒದ್ದೆ ತಲೆಯ ಸಮೇತ ಓಣಿಯಲ್ಲೇ ಕೂತುಬಿಟ್ಟಳು. ಎಣ್ಣೆಯಮ್ಮನೂ ಕೂತಳು. ಬುಗುರಿ ಇಬ್ಬರ ಮುಂದೆ ಒಂದು ಸುತ್ತು ಸುತ್ತಿ ಕೂತಳು.

“ಇವಳು ಈ ಕೂಗು ಮರೆಯೋವರೆಗೆ ನನಗೆ ಯೋಚನೆ ಇಲ್ಲ,” ಎಂದಳು ಮಗಳು, ಕಣ್ಣು ಒರೆಸಿಕೊಳ್ಳುತ್ತ. ಆಮೇಲೆ ನಗು ನಿಲ್ಲಿಸಿದಳು. “ಅಮ್ಮ, ನಿನ್ನ ಮನೆಯಲ್ಲಿ ಯಾವ ಬಾಗಿಲು ಸದ್ದು ಮಾಡುತ್ತೆ?”

ಎಣ್ಣೆಯಮ್ಮ ಯೋಚಿಸಿದಳು. ಮುಂಬಾಗಿಲು, ಹಿಂಬಾಗಿಲು, ಅಡುಗೆಮನೆ, ಬಚ್ಚಲು, ಕಪಾಟು, ಗೇಟು. ಗಂಡ ಕದ್ದು ಬೆಲ್ಲ ತಿನ್ನಲು ಕಪಾಟು ತೆರೆದರೆ ಅವಳಿಗೂ ಗೊತ್ತಾಗುತ್ತಿರಲಿಲ್ಲ, ಅವಳು ಹಿಂದೆ ಬಂದು ನಿಂತರೆ ಅವನಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಚೊಕ್ಕ ಮನೆ.

“ಯಾವುದೂ ಇಲ್ಲ,” ಎಂದಳು. ಜೀವನದಲ್ಲಿ ಮೊದಲ ಸಲ ಆ ಮಾತು ಹೇಳಲು ನಾಚಿಕೆಯಾಯಿತು.

ಬಸ್ಸು ನಿಲ್ದಾಣದಲ್ಲಿ ಮಗಳು ತೀರ್ಪು ಹೇಳಿದಳು. “ಇವಳನ್ನ ನಿನ್ನ ಹತ್ರಾನೇ ಬಿಡಬೇಕು ಅಂತ ನನಗೂ ಆಸೆ. ಅತ್ತೆ ಮನೇಲಿ ಬಾಗಿಲಿಗೆ ಬೀಗ ಇದೆ, ನಿಜ. ಆದರೆ ಅಲ್ಲಿ ಹತ್ತು ದಿನ ಯಾರೂ ಇವಳ ಜೊತೆ ನೆಲದ ಮೇಲೆ ಕೂರಲ್ಲ. ಹಾಗಂತ ಸದ್ದಿಲ್ಲದ ಮನೇಲಿ ಇವಳನ್ನ ಬಿಟ್ಟು ನಾನು ಹೇಗೆ ನಿದ್ದೆ ಮಾಡಲಿ? ಮುಂದಿನ ಭಾನುವಾರ ಫೋನ್ ಮಾಡ್ತೀನಿ. ಮೂರು ಬಾಗಿಲು. ನನ್ನ ಕಿವಿಗೆ ಕೇಳಬೇಕು. ಕೇಳದಿದ್ರೆ ಅತ್ತೆ ಮನೆ.”

ಆ ವಾರ ಎಣ್ಣೆಯಮ್ಮನ ಮನೆಯಲ್ಲಿ ನಡೆದದ್ದನ್ನು ಗಿರಣಿಯಲ್ಲಿ ಮೊದಲು ಯಾರೂ ನಂಬಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕೀಲುಗಳಿಗೆ ಸೋಪಿನ ನೀರು, ಸಂಜೆ ಬಂದ ಮೇಲೆ ಉಪ್ಪುನೀರಿನ ಬಟ್ಟೆ. ಮಧ್ಯಾಹ್ನದ ಸರದಿ ಗಂಡನದು. ಮಂಗಳವಾರ ಹಿಂಬಾಗಿಲಿನ ಕೀಲಿನಲ್ಲಿ ಒಂದು ಕೆಂಪು ಚುಕ್ಕೆ ಕಂಡು, ಗಂಡ ಗಿರಣಿಯ ಗೇಟಿನವರೆಗೆ ನಡೆದು ಬಂದು, “ತುಕ್ಕು ಬಂತು ಕಣೇ!” ಎಂದು ಕೂಗಿದ. ಅವನ ಸಂಭ್ರಮ ನೋಡಿ ಸುತ್ತಲಿದ್ದವರು ಯಾರಿಗೋ ಕೆಲಸ ಸಿಕ್ಕಿತೆಂದುಕೊಂಡರು.

“ಏನೇ, ಪಕ್ಷ ಬದಲಾಯಿಸಿದ್ಯಾ?” ಎಂದಳು ಪಕ್ಕದ ಯಂತ್ರದ ಗೆಳತಿ.

“ಹತ್ತು ದಿನಕ್ಕೆ ಮಾತ್ರ,” ಎಂದಳು ಎಣ್ಣೆಯಮ್ಮ.

ಭಾನುವಾರ ಬೆಳಿಗ್ಗೆ ಫೋನು ಬಂತು. ಗಂಡ ಬಾಗಿಲು ಆಡಿಸುವುದು, ಹೆಂಡತಿ ಕೀಲಿಗೆ ಫೋನು ಹಿಡಿಯುವುದು ಎಂದು ಕೆಲಸ ಹಂಚಿಕೊಂಡಿದ್ದರು. ಹಿಂಬಾಗಿಲು ಮೊದಲ ಸಲ ತಳ್ಳಿದ್ದಕ್ಕೇ ‘ಕ್ರೀಂಯ್’ ಎಂದಿತು.

“ಪಾಸು,” ಎಂದಳು ಮಗಳು ಆ ತುದಿಯಲ್ಲಿ.

ಅಡುಗೆಮನೆಯದು ಸ್ವಲ್ಪ ಕೆಮ್ಮಿ, ಆಮೇಲೆ ಕೂಗಿತು. ಪಾಸು. ಮುಂಬಾಗಿಲಿಗೆ ಮೂವತ್ತು ವರ್ಷದ ಎಣ್ಣೆ ಕುಡಿದ ಸೊಕ್ಕು. ಅದು ಬಾಯೇ ಬಿಡಲಿಲ್ಲ. ಗಂಡ ಬಾಗಿಲನ್ನು ಎತ್ತಿ ಹಿಡಿದು ತಳ್ಳಿದ, ಕೂತು ತಳ್ಳಿದ, ಬೆನ್ನು ಕೊಟ್ಟು ತಳ್ಳಿದ.

“ಅಮ್ಮ, ಮೂರನೇದು?”

“ತಡಿಯೇ, ಬರ್ತಿದೆ.” ಎಣ್ಣೆಯಮ್ಮ ಫೋನನ್ನು ಕೆಳಗಿನ ಕೀಲಿನ ಹತ್ತಿರ ಹಿಡಿದಳು. ಕೂತಿದ್ದ ಗಂಡ ಏಳಲು ಹೋದ. ‘ಕಟ…ಕಿರ್ರ್ರ್’ ಎಂದು ಜೋರಾಗಿ, ಸ್ಪಷ್ಟವಾಗಿ ಕೇಳಿಸಿತು.

“ಹಾಂ! ಇದು ಮೂರರಲ್ಲೂ ಚೆನ್ನಾಗಿದೆ,” ಎಂದಳು ಮಗಳು. “ಪಾಸು. ಬುಧವಾರ ಬೆಳಿಗ್ಗೆ ಬುಗುರೀನ ಕರ್ಕೊಂಡು ಬರ್ತೀನಿ.”

ಎಣ್ಣೆಯಮ್ಮ ಗಂಡನನ್ನು ನೋಡಿದಳು. ಗಂಡ ಗೋಡೆ ಹಿಡಿದು ಅರ್ಧ ಎದ್ದು ನಿಂತಿದ್ದ, ತುಟಿಯ ಮೇಲೆ ಬೆರಳಿಟ್ಟು, ಬೇಡ ಬೇಡ ಎಂದು ತಲೆಯಾಡಿಸುತ್ತ. ಆದರೆ ಮಗುವಿನ ವಿಷಯದಲ್ಲಿ ಮಗಳಿಗೆ ಇನ್ನೊಂದು ಸಲ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

“ಅದು ಬಾಗಿಲಲ್ಲ ಕಣೇ,” ಎಂದಳು. “ನಿನ್ನಪ್ಪನ ಮಂಡಿ.”

ಎಣ್ಣೆಯಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಅಪ್ಪ ಬುಗುರಿ ಹಿಂದೆ ಓಡಾಡ್ತಾರಾ?”

“ಓಡಾಡದೆ? ಅವಳು ಬರ್ತಾಳೆ ಅಂತ ಈಗಿಂದ್ಲೇ ಮನೆ ತುಂಬ ಓಡಾಡ್ತಿದ್ದಾರೆ.”

“ಹಾಗಾದ್ರೆ ಪಾಸು. ಅವಳು ಎಲ್ಲಿ ಹೋದ್ರೂ ಕಿರ್ ಅಂತ ಹಿಂದೆ ಹೋಗುತ್ತಲ್ಲ, ಬಾಗಿಲಿಗಿಂತ ವಾಸಿ. ಅಮ್ಮ, ಮಾತು ಕೊಡು. ನಾನು ತರಬೇತಿಯಿಂದ ವಾಪಸ್ ಬರೋವರೆಗೆ ಅಪ್ಪನ ಮಂಡಿಗೆ ಎಣ್ಣೆ ಹಚ್ಚಬಾರದು.”

“ಹಚ್ಚಲ್ಲ,” ಎಂದಳು ಎಣ್ಣೆಯಮ್ಮ.

“ನನ್ನ ಯಾರಾದ್ರೂ ಕೇಳ್ತೀರಾ?” ಎಂದ ಗಂಡ ಗೋಡೆ ಹಿಡಿದುಕೊಂಡೇ.

ಇಬ್ಬರೂ ಕೇಳಲಿಲ್ಲ. ಮಗು ಏನೇನು ತಿನ್ನುತ್ತದೆ, ಎಷ್ಟು ಜೊತೆ ಬಟ್ಟೆ ತರಬೇಕು, ಕುಡಿಯುವ ನೀರಿನ ಕೊಡವನ್ನು ಎಷ್ಟು ಎತ್ತರದಲ್ಲಿಡಬೇಕು ಎಂದು ಅವರ ಮಾತು ಆಗಲೇ ಶುರುವಾಗಿತ್ತು.